ಬಿಸಿನೀರಿಗೆ ಮೀನು ಒಗ್ಗುವ ಬಗೆ

ನಮ್ಮದು ಚಳ್ಳಕೆರೆ ಕಡೆಯ ಖುಷ್ಕಿ ಹೊಲ. ಶೇಂಗಾ, ತೊಗರಿ, ಸಜ್ಜೆ ನಮ್ಮ ಬೆಳೆ. ಮಳೆನೀರು ಹಿಡಿಯಲು ತೋಡಿಸಿದ ಕೃಷಿಹೊಂಡ ಒಂದಿದೆ, ತಳಕ್ಕೆ ಕರಿ ಪ್ಲಾಸ್ಟಿಕ್ ಹಾಸಿದ್ದು. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅದಕ್ಕೆ ಸಾವಿರ ಮೀನುಮರಿ ತಂದೆ. ಕಾಟ್ಲಾ, ರೋಹು, ಮೃಗಾಲ್ ಬೆರಕೆ. ಚೀಲ ಕಾಯಬಾರದೆಂದು ಮನೆ ನೆರಳಲ್ಲಿ ಒದ್ದೆ ಗೋಣಿ ಹೊದಿಸಿ ಇಟ್ಟು, ಹೊಲದ ಕೆಲಸ ಮುಗಿಸಿ, ಮಧ್ಯಾಹ್ನ ಎರಡು ಗಂಟೆಗೆ ಚೀಲ ಬಿಚ್ಚಿ ಹೊಂಡಕ್ಕೆ ಸುರಿದೆ. ಮಳೆ ಬಿಡುವು ಕೊಟ್ಟು ಬಿಸಿಲು ಚುರುಗುಟ್ಟುತ್ತಿದ್ದ ದಿನ ಅದು.

ಮಾರನೆ ಬೆಳಿಗ್ಗೆ ನೋಡಿದರೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ. ಬುಟ್ಟಿಯಲ್ಲಿ ಎತ್ತಿ ಎಣಿಸಿದೆ, ಆರುನೂರರ ಮೇಲಿತ್ತು. ಮರಿ ಕೊಟ್ಟವರದೇ ಮೋಸ ಎಂದು ಬೈದುಕೊಂಡೆ.

ವಿಚಿತ್ರ ಎಂದರೆ ಉಳಿದವು ಬೇಸಿಗೆಯನ್ನೂ ದಾಟಿದವು. ಬೋರಿನ ನೀರು ಅಷ್ಟಷ್ಟು ಬಿಟ್ಟು ನಾಲ್ಕು ಅಡಿ ಉಳಿಸಿಕೊಂಡಿದ್ದೆ. ನನ್ನ ತಂಗಿಯ ಮಗ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುತ್ತಾನೆ. ಮರಿ ಸತ್ತ ವಾರವೇ ಬಂದು ಅದೇ ಹೊತ್ತಿಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದ್ದ: ಹೊಂಡದ ಮೇಲಿನ ನೀರು 33 ಡಿಗ್ರಿ, ಒದ್ದೆ ಗೋಣಿ ಹೊದಿಸಿದ ಕೊಡದ ನೀರು 25. ಏಪ್ರಿಲ್‌ನಲ್ಲಿ ನಾನೇ ನೋಡಿದೆ, 36 ಇತ್ತು. 33ಕ್ಕೆ ಸತ್ತ ಮರಿಗಳ ಒಡಹುಟ್ಟಿದವು 36ರಲ್ಲಿ ಬದುಕಿದ್ದು ಹೇಗೆ? ಕೇಳಿದೆ. "ಮಾವ, ನೀವು ಅವಕ್ಕೆ ಹೊತ್ತು ಕೊಡಲಿಲ್ಲ" ಅಂದ.

ಅವನು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಹೀಗೆ. ನಮ್ಮ ಮೈ ಬಿಸಿಲಿರಲಿ ಚಳಿಯಿರಲಿ ಹೆಚ್ಚುಕಮ್ಮಿ ಒಂದೇ ಶಾಖದಲ್ಲಿ ಇರುತ್ತದೆ. ಈ ಮೀನುಗಳಿಗೆ ಹಾಗಿಲ್ಲ. ನೀರು ಎಷ್ಟು ಬಿಸಿಯೋ ಮೈ ಅಷ್ಟೇ ಬಿಸಿ. ಮೈಯೊಳಗಿನ ಕೆಲಸವೆಲ್ಲ ಪ್ರೋಟೀನುಗಳಿಂದ ನಡೆಯುವುದು, ಅವು ಒಂದೊಂದೂ ಒಂದೊಂದು ಆಕಾರಕ್ಕೆ ಮಡಚಿಕೊಂಡಿರುತ್ತವೆ. ಬಿಸಿ ಏರಿದರೆ ಆ ಮಡಿಕೆ ಬಿಚ್ಚಿಹೋಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊಟ್ಟೆಯ ಲೋಳೆ ಕಾದಾಗ ಬೆಳ್ಳಗೆ ಗಟ್ಟಿಯಾಗುತ್ತದಲ್ಲ, ಅದೇ ಜಾತಿಯ ಕೆಡುಕು, ಸಣ್ಣ ಪ್ರಮಾಣದಲ್ಲಿ.

ಇದನ್ನು ತಡೆಯಲು ಜೀವಕೋಶದಲ್ಲಿ ಬೇರೆ ಕೆಲವು ಪ್ರೋಟೀನುಗಳಿವೆ. ಹೀಟ್ ಶಾಕ್ ಪ್ರೋಟೀನ್ ಅನ್ನುತ್ತಾರೆ. ನಾನು ಮುಯ್ಯಾಳು ಅಂತ ಕರೆಯುತ್ತೇನೆ. ಬಿಚ್ಚಿಹೋಗುತ್ತಿರುವ ಪ್ರೋಟೀನನ್ನು ಹಿಡಿದು ಮತ್ತೆ ಮಡಚಲು ನೆರವಾಗುವುದು ಇವುಗಳ ಕೆಲಸ. ಇವನ್ನು ಮಾಡುವ ಅಪ್ಪಣೆ ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿ ಬರೆದಿದೆ. ತಂಪಿನಲ್ಲಿ ಆ ಜೀನುಗಳ ಕೆಲಸ ಕಡಿಮೆ. ಬಿಸಿ ತಾಗಿದಾಗ ಅವನ್ನು ಎಬ್ಬಿಸುವವನು ಒಬ್ಬನಿದ್ದಾನೆ, ಅದೂ ಒಂದು ಪ್ರೋಟೀನೇ.

ಎಬ್ಬಿಸುವವನಿಗೆ ಬಿಸಿಯಾದದ್ದು ಗೊತ್ತಾಗುವುದು ಹೇಗೆ? ನನಗೆ ಬಹಳ ಹಿಡಿಸಿದ್ದು ಇದೇ. ಸಾಮಾನ್ಯ ದಿನಗಳಲ್ಲಿ ಮುಯ್ಯಾಳುಗಳೇ ಅವನನ್ನು ಹಿಡಿದು ಕೂರಿಸಿರುತ್ತಾರೆ. ಬಿಸಿಗೆ ಪ್ರೋಟೀನುಗಳು ಕೆಟ್ಟವು ಅನ್ನಿ, ಆಳುಗಳು ಅವನನ್ನು ಬಿಟ್ಟು ಆ ಕೆಲಸಕ್ಕೆ ಓಡುತ್ತಾರೆ. ಕೈ ಬಿಟ್ಟದ್ದೇ ತಡ, ಅವನು ತನ್ನಂಥ ಇನ್ನಿಬ್ಬರ ಜೊತೆ ಸೇರಿ ಜೀನಿನ ಹತ್ತಿರ ಹೋಗಿ ಗಂಟೆ ಬಾರಿಸುತ್ತಾನೆ. ಹೊಸ ಆಳುಗಳು ತಯಾರಾಗುತ್ತಾರೆ. ಕೆಲಸ ತೀರಿ ಕೈ ಖಾಲಿಯಾದ ಆಳುಗಳು ವಾಪಸು ಬಂದು ಅವನನ್ನು ಮತ್ತೆ ಹಿಡಿದು ಕೂರಿಸುತ್ತಾರೆ. ಮೇಸ್ತ್ರಿಯಿಲ್ಲದ ಈ ಏರ್ಪಾಟು ನಮ್ಮ ಊರಿನ ಕೆಲಸಗಳಲ್ಲೂ ಇದ್ದಿದ್ದರೆ!

ಇದು ಮೊದಲು ಕಣ್ಣಿಗೆ ಬಿದ್ದದ್ದು ಮೀನಿನಲ್ಲಲ್ಲ, ಹಣ್ಣಿನ ನೊಣದಲ್ಲಿ. ಇಟಲಿಯ ಫೆರುಚ್ಚಿಯೊ ರಿಟೋಸಾ ಎಂಬ ವಿಜ್ಞಾನಿಯ ಪೆಟ್ಟಿಗೆಯ ಶಾಖವನ್ನು ಯಾರೋ ಏರಿಸಿಬಿಟ್ಟಿದ್ದರು. ಮರಿಹುಳುಗಳ ವರ್ಣತಂತುವಿನಲ್ಲಿ ಅಲ್ಲಲ್ಲಿ ಉಬ್ಬು ಕಂಡಿತು, ಎಂದರೆ ಅಲ್ಲಿನ ಜೀನುಗಳು ಎದ್ದಿದ್ದವು. ಆತ ಅದನ್ನು 1962ರಲ್ಲಿ ಪ್ರಕಟಿಸಿದ. ಯಾರದೋ ಕೈತಪ್ಪಿನಿಂದ ಎಂಥ ವಿಚಾರ ಹೊರಬಿತ್ತು ನೋಡಿ.

ಈಗ ನನ್ನ ಮರಿಗಳ ಕತೆ. ಬಿಸಿಯಲ್ಲಿ ಬದುಕುವ ಜೀನು ಅವುಗಳಲ್ಲೂ ಇತ್ತು. ಆದರೆ ಗಂಟೆ ಬಾರಿಸಿ ಆಳು ತಯಾರಾಗಿ ಸಾಕಷ್ಟು ಸಂಖ್ಯೆಗೆ ಬರಲು ಗಂಟೆಗಟ್ಟಲೆ ಬೇಕು, ಮೈಯೆಲ್ಲ ಒಗ್ಗಲು ದಿನಗಳೇ ಬೇಕು. ಒಂದೇ ಕ್ಷಣದಲ್ಲಿ 8 ಡಿಗ್ರಿ ಏರಿಸಿದ್ದು ನಾನು. ಅದೂ ಚೀಲದಲ್ಲಿ ದಾರಿಯುದ್ದಕ್ಕೂ ಬಳಲಿ ಬಂದ ಮರಿಗಳಿಗೆ. ಚೈತ್ರದ ಬಿಸಿ ಹಾಗಲ್ಲ, ವಾರ ವಾರ ಸ್ವಲ್ಪ ಸ್ವಲ್ಪವೇ ಏರಿತು. ಮುಂಬೈಯ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯವರು ಇದೇ ಮೂರು ಜಾತಿಯ ಮರಿಗಳನ್ನು 26, 31, 33, 36 ಡಿಗ್ರಿ ನೀರಿನಲ್ಲಿ ಬೇರೆ ಬೇರೆ ಸಾಕಿ, 2004ರಲ್ಲಿ ಪ್ರಕಟಿಸಿದ್ದಾರೆ. ಬೆಚ್ಚಗಿನ ನೀರಿಗೆ ಒಗ್ಗಿದವು ಹೆಚ್ಚಿನ ಬಿಸಿ ತಡೆದವು. ಕೊರವ ಮೀನಂತೂ ಬಿಸಿನೀರಿನ ಬುಗ್ಗೆಯಿಂದ ಹರಿಯುವ ಕಾಲುವೆಯಲ್ಲೂ ಇರುತ್ತದೆ. ನಮ್ಮ ದೇಶದ ವಿಜ್ಞಾನಿಗಳು ಅಂಥ ಮೀನಿನ ಲಿವರ್ ಪರೀಕ್ಷಿಸಿ ಇದೇ ಮುಯ್ಯಾಳುಗಳ ಜೀನುಗಳನ್ನು ನೋಡಿದ್ದಾರೆ. ಆದರೆ ಕೊರವ ಮೇಲೆ ಬಂದು ಗಾಳಿ ನುಂಗುತ್ತದೆ, ಕಾಟ್ಲಾ ರೋಹುಗೆ ಆ ವಿದ್ಯೆ ಇಲ್ಲ.

ತೊಡಕು ಇರುವುದೂ ಅಲ್ಲೇ. ಮುಯ್ಯಾಳಿಗೆ ಊಟ ಹಾಕಬೇಕಲ್ಲ? ಈ ಕೆಲಸಕ್ಕೆ ಮೀನಿಗೆ ಶಕ್ತಿ ಬೇಕು, ಶಕ್ತಿಗೆ ಉಸಿರು ಬೇಕು. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 35 ಡಿಗ್ರಿ ನೀರು ಹಿಡಿಯುವುದು 7ರಷ್ಟೇ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ಬೆಳಗಿನ ಜಾವಕ್ಕೆ ಇನ್ನೂ ಇಳಿದಿರುತ್ತದೆ. ಬೇಸಿಗೆಯಲ್ಲಿ ನಸುಕಿಗೇ ಮೀನು ಬಾಯಿ ತೆರೆದು ಮೇಲೆ ಬರುವುದು ಅದಕ್ಕೇ. ನನ್ನ ಹೊಂಡದಲ್ಲೂ ಹಾಗೆ ಹದಿನೈದು ಇಪ್ಪತ್ತು ಸತ್ತವು. ಬದುಕಿದವೂ ಬೇಸಿಗೆಯಲ್ಲಿ ಬೆಳೆಯಲಿಲ್ಲ. ಮುಕ್ಕಾಲು ಕೆಜಿ ಬಂದೀತೆಂದು ಲೆಕ್ಕ ಹಾಕಿದ್ದೆ, ಬಹಳಷ್ಟು ಅರ್ಧ ಕೆಜಿ ದಾಟಲಿಲ್ಲ. ತಿಂದದ್ದು ಮೈಗೆ ಹತ್ತುವ ಬದಲು ರಿಪೇರಿಗೆ ಹೋಯಿತು.

ಹೋದ ಶ್ರಾವಣದಲ್ಲಿ ಮರಿಯನ್ನು ಸಂಜೆ ಬಿಟ್ಟೆ. ಚೀಲವನ್ನು ಅರ್ಧ ಗಂಟೆ ಹೊಂಡದಲ್ಲೇ ತೇಲಬಿಟ್ಟು, ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಮರಿಗಳು ತಾವಾಗಿಯೇ ಈಜಿಕೊಂಡು ಹೋದವು. ಮಾರನೆ ದಿನ ಸತ್ತದ್ದು ಹನ್ನೊಂದು. ಬೇಸಿಗೆಯಲ್ಲಿ ಹೊಂಡದ ಒಂದು ಮೂಲೆಗೆ ತೆಂಗಿನ ಗರಿ ತೇಲಬಿಟ್ಟು ನೆರಳು ಮಾಡಿದೆ, ತೀರಾ ಬಿಸಿಲಿದ್ದ ದಿನ ತಿಂಡಿಯನ್ನೂ ಸಗಣಿಯನ್ನೂ ಹಾಕಲಿಲ್ಲ. ಕರೆಂಟ್ ಇದ್ದರೆ ಬೆಳಗಿನ ಜಾವ ಬೋರಿನ ನೀರನ್ನು ಎತ್ತರದಿಂದ ಸಣ್ಣಗೆ ಬೀಳಿಸುತ್ತೇನೆ. ಥರ್ಮಾಮೀಟರನ್ನು ಹುರಿಯಲ್ಲಿ ಕಟ್ಟಿ ಹೊಂಡದ ಗೂಟಕ್ಕೇ ನೇತುಹಾಕಿದ್ದೇನೆ.