ಗಿಯರ್ ‘ಪಿ’ಯಲ್ಲಿ ಸಿಕ್ಕಿಕೊಂಡಾಗ

ಸುಳ್ಯದಿಂದ ಸಂಪಾಜೆಯತ್ತ ಸಾಗುವ ಹೆದ್ದಾರಿಯಲ್ಲಿ ಅರಂತೋಡು ಇದೆ. ಇಂಥ ಗುಡ್ಡದ ಊರುಗಳಲ್ಲಿ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸುವುದು ಅನಿವಾರ್ಯ. ಆಟೋಮ್ಯಾಟಿಕ್ ಕಾರಿನ ಗಿಯರ್ ಹಿಡಿಯು ಮರಳಿ ಹೊರಡುವಾಗ ‘ಪಿ’ಯಿಂದ ಕದಲದಿದ್ದರೆ ತಾವು ಬಲಪ್ರಯೋಗ ಮಾಡಬಾರದು. ಇದಕ್ಕೆ ಮುಖ್ಯ ಕಾರಣಗಳು ಎರಡು.

ಮೊದಲನೆಯದು ಭಾರ. ‘ಪಿ’ಯಲ್ಲಿ ಗಿಯರ್ ಪೆಟ್ಟಿಗೆಯೊಳಗಿನ ಸಣ್ಣ ಉಕ್ಕಿನ ಕೊಕ್ಕೆಯೊಂದು ಹಲ್ಲುಚಕ್ರದ ಸಂದಿಗೆ ಬಿದ್ದು ಗಾಡಿಯನ್ನು ತಡೆಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕದಿದ್ದರೆ ಭಾರವೆಲ್ಲ ಆ ಕೊಕ್ಕೆಯ ಮೇಲೆಯೇ. ಒಂದಿಬ್ಬರು ಗಾಡಿಯನ್ನು ಏರಿನತ್ತ ತುಸು ನೂಕಿದೊಡನೆ ಕಾಲಿನ ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಿರಿ, ಕೊಕ್ಕೆ ಸಡಿಲಾಗುತ್ತದೆ. ನೂಕಿದವರು ಪಕ್ಕಕ್ಕೆ ಸರಿದ ಮೇಲೆಯೇ ಗಿಯರ್ ಬದಲಿಸಿರಿ.

ಎರಡನೆಯದು ವಿದ್ಯುತ್ ಬೀಗ. ಕೀಲಿ ತಿರುಗಿಸಿ ಬ್ರೇಕ್ ಒತ್ತಿದಾಗ ಮಾತ್ರ ಅದು ಬಿಡುತ್ತದೆ. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತುವುದೋ ಎಂದು ಒಬ್ಬರು ನೋಡಲಿ. ಹತ್ತದಿದ್ದರೆ ಪೆಡಲಿನ ಸ್ವಿಚ್ಚು, ಫ್ಯೂಸು ಅಥವಾ ಬ್ಯಾಟರಿಯನ್ನು ಸಂಶಯಿಸಬೇಕು.

ಅನೇಕ ಕಾರುಗಳಲ್ಲಿ ಹಿಡಿಯ ಪಕ್ಕದ ಸಣ್ಣ ಮುಚ್ಚಳದಡಿ ಬೀಗ ಬಿಡಿಸುವ ಗುಂಡಿಯಿರುತ್ತದೆ. ಅದನ್ನು ಮುಟ್ಟುವ ಮುನ್ನ ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಕಾಲಿನ ಬ್ರೇಕನ್ನೂ ಒತ್ತಿರಬೇಕು. ಇಲ್ಲವಾದರೆ ಗಾಡಿ ಉರುಳೀತು! ಹೀಗೆ ಹೊರಟರೂ ಕೆಂಪು ದೀಪವಿಲ್ಲದೆ ಘಾಟಿಗೆ ಹೋಗುವುದು ಅಪಾಯ; ತಾವು ಬ್ರೇಕ್ ಹಾಕಿದ್ದು ಹಿಂದಿನವರಿಗೆ ತಿಳಿಯದು. ಸಮೀಪದ ಗ್ಯಾರೇಜಿನಲ್ಲಿ ಸರಿಪಡಿಸಿಯೇ ಮುಂದುವರಿಯಿರಿ.

ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮ ಇಷ್ಟೆ: ಬ್ರೇಕ್ ಒತ್ತಿ ‘ಎನ್’ಗೆ ತನ್ನಿರಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲನ್ನು ಮೆಲ್ಲನೆ ಸಡಿಲಿಸಿ ಗಾಡಿ ನಿಂತಿದೆಯೇ ನೋಡಿರಿ. ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿರಿ. ಭಾರವನ್ನು ಬ್ರೇಕು ಹೊರಲಿ, ಕೊಕ್ಕೆ ಕಾವಲಿರಲಿ.