ಮನೆಯ ನಲ್ಲಿಯೂ ನಲ್ಲಿಗುಂಡಿಯೂ

ಹಿಂದೆ ಹಳ್ಳಿಯ ಮನೆಗಳಿಗೆ ಬಾವಿಯೇ ನೀರಿನ ಮುಖ್ಯಾಧಾರವಾಗಿದ್ದಿತು. ಈಗ ಅನೇಕ ಗ್ರಾಮಗಳಲ್ಲಿ ಕೊಳಾಯಿಯ ನೀರು ಮನೆಬಾಗಿಲಿಗೇ ಬರುತ್ತಿರುವುದು. 2019ನೆಯ ಇಸವಿ ಆಗಸ್ಟ್ 15ರಂದು ಪ್ರಕಟವಾದ ಜಲಜೀವನ ಯೋಜನೆಯಲ್ಲಿ ತಲೆಯೊಂದಕ್ಕೆ ದಿನಕ್ಕೆ 55 ಲೀಟರ್ ನೀರೆಂದು ಗೊತ್ತುಮಾಡಲ್ಪಟ್ಟಿದೆ. ಬಾವಿಯ ಕೊಳೆ ಕಣ್ಣಿಗೆ ಕಾಣುವುದು; ಕೊಳವೆಯ ದೋಷವಾದರೋ ನೆಲದೊಳಗೆ ಅಡಗಿರುವುದು. ಆದುದರಿಂದ ಗೃಹಸ್ಥರು ಈ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿರುವುದು ಆವಶ್ಯಕ.

ತೊಟ್ಟಿಕ್ಕುವ ನಲ್ಲಿ.— ಗಂಟೆಗೆ ಒಂದು ಲೀಟರಿನಂತೆ ಸೋರುವ ನಲ್ಲಿಯಿಂದ ದಿನಕ್ಕೆ 24 ಲೀಟರ್, ವರ್ಷಕ್ಕೆ 8,760 ಲೀಟರ್ ನೀರು ವ್ಯರ್ಥವಾಗುವುದು. ಇದು ಒಬ್ಬ ಮನುಷ್ಯನ ಪಾಲಿನಲ್ಲಿ ಸುಮಾರು ಅರ್ಧದಷ್ಟು. ತಿರುಪಿನ ನಲ್ಲಿಗಳಲ್ಲಿ ಸಾಮಾನ್ಯವಾಗಿ ಒಳಗಿನ ವಾಷರು ಸವೆದಿರುವುದೇ ಇದಕ್ಕೆ ಕಾರಣ. ಬಲವಾಗಿ ತಿರುಗಿಸಿ ಬಿಗಿದರೆ ವಾಷರು ಇನ್ನಷ್ಟು ಹಾಳಾಗುವುದೇ ಹೊರತು ಸೋರುವುದು ನಿಲ್ಲದು. ಮೊದಲು ನೀರು ಬರುವ ಕೊಳವೆಯ ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದು, ಉಳಿದ ನೀರನ್ನು ಹರಿಯಬಿಡತಕ್ಕದ್ದು. ಅನಂತರ ಮೇಲ್ಭಾಗವನ್ನು ಬಿಚ್ಚಿ ಅದೇ ಅಳತೆಯ ಹೊಸ ವಾಷರನ್ನು ಹಾಕಬೇಕು. ತಿರುಪಿನ ಕೂಡುಗಳಲ್ಲಿ ಸೋರಿದರೆ ಹಳೆಯ ನಾರನ್ನು ತೆಗೆದು, ಬಿಗಿಯುವ ದಿಕ್ಕಿನಲ್ಲಿಯೇ ಟೆಫ್ಲಾನ್ ಪಟ್ಟಿಯನ್ನು ಸುತ್ತಿ ಜೋಡಿಸಬೇಕು.

ನಲ್ಲಿಗುಂಡಿಯ ಅಪಾಯ.— ನೀರಿನ ಒತ್ತಡ ಕಡಮೆಯಾದಲ್ಲಿ ಕೆಲವರು ನೆಲವನ್ನು ಅಗೆದು ಗುಂಡಿಯೊಳಗೆ ನಲ್ಲಿಯನ್ನು ಇಳಿಸುವರು. ಗುಂಡಿಯಲ್ಲಿ ಪಾತ್ರೆ ತೊಳೆದ ನೀರೂ ಮಳೆಯ ಕೊಚ್ಚೆಯೂ ನಿಲ್ಲುವುವು. ನೀರು ನಿಂತ ಮೇಲೆ ಕೊಳವೆಯಲ್ಲಿ ಒತ್ತಡವು ಇಳಿದು, ತೆರೆದ ನಲ್ಲಿಯ ಬಾಯಿಯಿಂದಲೂ ಒಡಕುಗಳಿಂದಲೂ ಆ ಕೊಳೆಯು ಒಳಕ್ಕೆ ಸೆಳೆಯಲ್ಪಡುವುದು. ಮರುದಿನ ಅದೇ ನೀರು ನೆರೆಮನೆಯ ಕೊಡಕ್ಕೂ ಸೇರುವುದು. ವಾಂತಿಭೇದಿ, ವಿಷಮಶೀತಜ್ವರ ಮೊದಲಾದ ರೋಗಗಳು ಹೀಗೆ ಹರಡಬಲ್ಲವು. ಒಂದು ಮನೆಯ ಅಲಕ್ಷ್ಯದಿಂದ ಇಡೀ ಬೀದಿಯು ಕಷ್ಟಕ್ಕೆ ಒಳಗಾಗುವುದು.

ಆದಕಾರಣ ಗುಂಡಿಯನ್ನು ಮುಚ್ಚಿ, ನಲ್ಲಿಯನ್ನು ನೆಲದಿಂದ ಎರಡಡಿಯಾದರೂ ಎತ್ತರದಲ್ಲಿಡಬೇಕು. ಕೊಳವೆಯು ಚರಂಡಿಯೊಳಗೆ ಹಾದುಹೋಗಕೂಡದು. ಒತ್ತಡ ಸಾಲದಿದ್ದರೆ ನೀರುಗಂಟಿಗೂ ಗ್ರಾಮಪಂಚಾಯತಿಗೂ ತಿಳಿಸತಕ್ಕದ್ದು. ಕೊಳವೆಗೆ ನೇರವಾಗಿ ಪಂಪನ್ನು ಜೋಡಿಸಿ ಎಳೆಯಕೂಡದು. ಹಾಗೆ ಎಳೆದರೆ ನೆರೆಯವರ ಪಾಲು ಕಡಮೆಯಾಗುವುದಲ್ಲದೆ ಒಡಕುಗಳಿಂದ ಕೊಳೆಯೂ ಒಳಸೇರುವುದು. ದುರಸ್ತಿಯಾದ ಬಳಿಕ ಮೊದಲು ಬರುವ ಕದಡಿದ ನೀರನ್ನು ಹೊರಕ್ಕೆ ಬಿಟ್ಟು, ಕುಡಿಯುವ ನೀರನ್ನು ಕುದಿಸಿ ಆರಿಸಿಕೊಳ್ಳುವುದು ಲೇಸು.

ಗುಪ್ತವಾದ ಸೋರಿಕೆ.— ಮನೆಯ ಮೇಲಿನ ತೊಟ್ಟಿಯಲ್ಲಿ ರಾತ್ರಿ ನೀರಿನ ಮಟ್ಟಕ್ಕೆ ಗುರುತು ಮಾಡಿ, ತೊಟ್ಟಿಗೆ ನೀರು ಬರುವ ವಾಲ್ವನ್ನೂ ಎಲ್ಲಾ ನಲ್ಲಿಗಳನ್ನೂ ಮುಚ್ಚಿ, ಬೆಳಿಗ್ಗೆ ನೋಡಬೇಕು. ಮಟ್ಟವು ಇಳಿದಿದ್ದರೆ ಎಲ್ಲಿಯೋ ಸೋರುತ್ತಿರುವುದು ನಿಶ್ಚಯ. ಗೋಡೆಯ ತೇವವೂ, ಬೇಸಗೆಯಲ್ಲಿ ಒಂದೇ ಕಡೆ ಹಸುರಾಗಿರುವ ಹುಲ್ಲೂ ಅದರ ಸ್ಥಳವನ್ನು ಸೂಚಿಸಬಹುದು.

ಬಚ್ಚಲ ನೀರು.— ಅನ್ನದ ಅಗುಳು, ಬೂದಿ, ಜಿಡ್ಡು ಇವುಗಳನ್ನು ಮೋರಿಗೆ ಬಿಡದೆ, ಬಾಯಿಗೆ ಜಾಲರಿಯನ್ನಿಟ್ಟರೆ ಕಟ್ಟಿಕೊಳ್ಳುವ ತೊಂದರೆಯು ಬಹುಮಟ್ಟಿಗೆ ತಪ್ಪುವುದು. ಹೊರಬಂದ ನೀರನ್ನು ನಿಲ್ಲಗೊಡದೆ ಇಂಗುಗುಂಡಿಗಾಗಲಿ, ಹಿತ್ತಲಿನ ತೆಂಗು ಬಾಳೆಗಳ ಬುಡಕ್ಕಾಗಲಿ ಹರಿಸತಕ್ಕದ್ದು.

ಊರಿನ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಮನೆಯ ನಲ್ಲಿಗುಂಡಿಯನ್ನು ಮುಚ್ಚಿಸಿದರೆ ಇತರರೂ ಅವರನ್ನು ಅನುಸರಿಸುವರು. ಒಂದು ವಾಷರಿನ ಬೆಲೆ ಅಲ್ಪ. ಅದರಿಂದ ಉಳಿಯುವ ನೀರೂ ಆರೋಗ್ಯವೂ ಬೆಲೆಕಟ್ಟಲಾಗದವು.