ರೋಗಕ್ಕೆ ಹೆಸರು ಸಿಕ್ಕಿದರೆ ಸಾಕೇ? ಹಂದಿಗೋಡು ಕಲಿಸುವ ಪಾಠ

ವಿಜಯಪುರ ಜಿಲ್ಲೆಯ ಗೊಳಸಂಗಿಯ ಕಡೆ ‘ಪುನರ್ವಸತಿ’ ಎಂದರೆ ಜನರಿಗೆ ಥಟ್ಟನೆ ನೆನಪಾಗುವುದು ಆಲಮಟ್ಟಿ ಅಣೆಕಟ್ಟು. ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ಬೇರೆಡೆ ಜಾಗ ಕೊಡುವುದು ಅಲ್ಲಿ ಆ ಪದದ ಅರ್ಥ. ವೈದ್ಯಕೀಯದಲ್ಲಿಯೂ ಈ ಪದವಿದೆ. ದೇಹದ ಶಕ್ತಿ ಕುಂದಿದ ವ್ಯಕ್ತಿ ತನ್ನ ಮನೆಯಲ್ಲಿಯೇ, ತನ್ನ ಕೆಲಸದಲ್ಲಿಯೇ ಮತ್ತೆ ನೆಲೆ ನಿಲ್ಲುವಂತೆ ಮಾಡುವುದೇ ಆ ಪುನರ್ವಸತಿ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ವಾಕ್ ಮತ್ತು ಶ್ರವಣ ಚಿಕಿತ್ಸೆ, ಕೃತಕ ಕೈಕಾಲುಗಳ ತಯಾರಿ ಇವೆಲ್ಲ ಈ ವಿಜ್ಞಾನದ ಶಾಖೆಗಳು. ಮಂಗಳೂರು, ಮಣಿಪಾಲಗಳಲ್ಲಿ ಇವುಗಳನ್ನು ಕಲಿಸುವ ಕಾಲೇಜುಗಳಿವೆ. ಇಂತಹ ವಿಷಯಗಳ ಸಂಶೋಧಕರು ಸಮೀಕ್ಷೆಗೆಂದು ಮನೆ ಬಾಗಿಲಿಗೂ ಬರುವುದುಂಟು. ಈ ಸಂಶೋಧನೆಯಿಂದ ಮನೆಯವರಿಗೆ ಬರುವ ಲಾಭವೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ಘಟ್ಟದ ಮೇಲಿನ ಒಂದು ಹಳ್ಳಿಯ ಕಥೆ ಸಹಾಯ ಮಾಡುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಎಂಬ ಊರಿದೆ. 1975ರ ಸುಮಾರಿಗೆ ಇಲ್ಲಿನ ಬಡ ಕೂಲಿಕಾರರ ಸೊಂಟ, ಮೊಣಕಾಲುಗಳ ನೋವು ಹೊರಗಿನವರ ಗಮನಕ್ಕೆ ಬಂತು. ನೋವು ಹೆಚ್ಚಾದಂತೆ ನಡಿಗೆ ವಾಲುತ್ತಿತ್ತು. ಕೆಲವರು ನಡೆಯಲಾರದೆ ಮೂಲೆ ಸೇರಿದರು. ನರಳುತ್ತಿದ್ದವರು ಹೆಚ್ಚಾಗಿ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ದಲಿತ ಕುಟುಂಬಗಳವರು.

ಮೊದಲ ಅನುಮಾನ ಅವರ ಊಟದ ಮೇಲೆ ಬಿತ್ತು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿಗಳನ್ನು ತಿಂದುದರಿಂದ ರೋಗ ಬಂತೆಂದು ಹಲವರು ನಂಬಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ, 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರದಿ ಮಾಡಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡ ವಂಶಾವಳಿಗಳನ್ನು ಬರೆದುಕೊಂಡು, ಎಕ್ಸ್‌ರೇ ತೆಗೆದು ಪರಿಶೀಲಿಸಿತು. ಇದು ಎಲುಬಿನ ಬೆಳವಣಿಗೆಯ ವಂಶವಾಹಿ ದೋಷವೆಂಬ ನಿರ್ಣಯಕ್ಕೆ ಬರಲಾಯಿತು. 1994ರಲ್ಲಿ ಎಕ್ಸ್‌ರೇ ಅಧ್ಯಯನದ ವಿವರ ಪ್ರಕಟವಾಯಿತು. ತಂದೆತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಕೆಲವರಲ್ಲಿ ಎತ್ತರ ಸಹಜವಾಗಿದ್ದು ಕೀಲುಗಳು ಮಾತ್ರ ಸವೆಯುತ್ತವೆ. ಕೆಲವರಲ್ಲಿ ಬೆನ್ನುಮೂಳೆಯೂ ಕುಗ್ಗುತ್ತದೆ. ಇನ್ನು ಕೆಲವರು ಕುಬ್ಜರಾಗಿ ಬೆಳೆಯುತ್ತಾರೆ. ಇದು ಅಂಟುರೋಗವಲ್ಲ, ಯಾರ ತಪ್ಪಿನ ಫಲವೂ ಅಲ್ಲ.

ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿಯೂ ಇಂಥದೇ ಕೀಲುರೋಗವಿದೆ. 1997ರಲ್ಲಿ ಸಂಶೋಧಕರು ಎರಡನ್ನೂ ಹೋಲಿಸಿ ಬರೆದರು. ಹೀಗೆ ಹಂದಿಗೋಡಿನ ಹೆಸರು ವಿಶ್ವದ ವೈದ್ಯಕೀಯ ಪತ್ರಿಕೆಗಳನ್ನು ತಲುಪಿತು.

ಆದರೆ ಕಾರಣ ತಿಳಿದ ಮಾತ್ರಕ್ಕೆ ನೋವು ನಿಲ್ಲುವುದಿಲ್ಲ. ವಂಶವಾಹಿ ದೋಷವನ್ನು ಸರಿಪಡಿಸುವ ಮಾತ್ರೆಯಿಲ್ಲ. ಒಂದು ಬಗೆಯ ಸಂಶೋಧನೆ ‘ರೋಗ ಏಕೆ ಬಂತು?’ ಎಂದು ಕೇಳುತ್ತದೆ. ಪುನರ್ವಸತಿ ವಿಜ್ಞಾನ ‘ಈ ವ್ಯಕ್ತಿ ನಾಳೆ ಬಾವಿಯ ತನಕ ಹೇಗೆ ಹೋಗಬೇಕು?’ ಎಂದು ಕೇಳುತ್ತದೆ.

ಒಂದು ಊರುಗೋಲಿನ ಉದಾಹರಣೆ ನೋಡೋಣ. ನಡೆಯುವಾಗ ಒಂದೇ ಕಾಲಿನ ಮೇಲೆ ನಿಂತ ಕ್ಷಣದಲ್ಲಿ ಸೊಂಟದ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ದೇಹ ವಾಲದಂತೆ ಪಕ್ಕದ ಸ್ನಾಯುಗಳು ಬಲವಾಗಿ ಎಳೆಯುವುದೇ ಇದಕ್ಕೆ ಕಾರಣ. ಕೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿದರೆ ಆ ಎಳೆತ ಕಡಿಮೆಯಾಗಿ ಕೀಲಿಗೆ ಬಿಡುವು ಸಿಗುತ್ತದೆ. ನಮ್ಮಲ್ಲಿ ಬಹಳ ಮಂದಿ ನೋವಿರುವ ಬದಿಯಲ್ಲಿಯೇ ಕೋಲು ಹಿಡಿಯುತ್ತಾರೆ. ಈ ಸಣ್ಣ ತಿಳುವಳಿಕೆಗೆ ಖರ್ಚೇನೂ ಇಲ್ಲ.

ಅಳತೆಗೋಲೂ ನಮ್ಮ ಬದುಕಿಗೆ ಹೊಂದಬೇಕು. ಸಂಧಿವಾತದವರ ಕಷ್ಟವನ್ನು ಅಳೆಯಲು ಅಮೆರಿಕದಲ್ಲಿ 1980ರಲ್ಲಿ ಪ್ರಕಟವಾದ ಪ್ರಶ್ನಾವಳಿಯೊಂದು ‘ಟಬ್ಬಿನಲ್ಲಿ ಸ್ನಾನ ಮಾಡಬಲ್ಲಿರಾ?’ ಎಂದು ಕೇಳುತ್ತದೆ. ಗೊಳಸಂಗಿಯಲ್ಲಾಗಲಿ ನಮ್ಮ ಕರಾವಳಿಯಲ್ಲಾಗಲಿ ಸಾಮಾನ್ಯ ಮನೆಗಳಲ್ಲಿ ಟಬ್ಬು ಎಲ್ಲಿದೆ? ನಮ್ಮವರಿಗೆ ಬೇಕಾದುದು ಚಕ್ಕಳಮಕ್ಕಳ ಹಾಕಿ ಕುಳಿತು ಉಣ್ಣುವುದು, ಪಾಯಿಖಾನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂರುವುದು. 2002ರಲ್ಲಿ ಪ್ರಕಟವಾದ ಅದರ ಭಾರತೀಯ ರೂಪದಲ್ಲಿ ಇಂತಹ ಪ್ರಶ್ನೆಗಳು ಸೇರಿದವು. ಪ್ರಶ್ನೆ ಸರಿಯಾದರೆ ಮಾತ್ರ ಪರಿಹಾರ ಸರಿಯಾದೀತು: ಎತ್ತರಿಸಿದ ಕಮೋಡು, ಬಾಗಿಲಲ್ಲಿ ಹಿಡಿಕೆ, ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ಅಗತ್ಯವಿದ್ದವರಿಗೆ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ.

ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರು ಇದರಿಂದ ಕಲಿಯಬೇಕಾದ್ದಿದೆ. ಸಂಶೋಧಕರು ಬಂದಾಗ ಅವರನ್ನು ಆದರದಿಂದ ಸ್ವಾಗತಿಸಿರಿ, ಆದರೆ ಮೂರು ಪ್ರಶ್ನೆ ಕೇಳಿರಿ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ರೋಗಿಗೆ ಅವರ ಭಾಷೆಯಲ್ಲಿ ವಿವರಿಸಿ, ಬೇಡವೆನ್ನುವ ಸ್ವಾತಂತ್ರ್ಯ ಕೊಟ್ಟಿದ್ದೀರಾ? ಫಲಿತಾಂಶವನ್ನು ಈ ಮನೆಗೆ ಮರಳಿ ತಂದು ತಿಳಿಸುವಿರಾ? ಹಾಗೆಯೇ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಚಲನವೈಕಲ್ಯ, ಕುಬ್ಜತೆ ಎರಡೂ ಅದರಲ್ಲಿವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯದ ಪ್ರಮಾಣಪತ್ರವಿದ್ದರೆ ಹಲವು ಸವಲತ್ತುಗಳಿಗೆ ಅರ್ಹತೆ ದೊರೆಯುತ್ತದೆ. ಅರ್ಜಿ ತುಂಬಲು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ನಾವು ನೆರವಾಗಬಹುದು.

ತನ್ನ ರಕ್ತವನ್ನು, ತನ್ನ ಮನೆತನದ ಕಥೆಯನ್ನು ಕೊಟ್ಟ ಬಡವನು ವಿಜ್ಞಾನಕ್ಕೆ ದಾನಿಯಾಗಿದ್ದಾನೆ. ಅವನಿಗೆ ಕನಿಷ್ಠ ಒಂದು ಸರಿಯಾದ ಊರುಗೋಲಾದರೂ ಸಲ್ಲಬೇಕು. ಅದು ಅವನಿಗೆ ಮಾಡುವ ಉಪಕಾರವಲ್ಲ, ತೀರಿಸಬೇಕಾದ ಋಣ.